ಎನ್ ಅಕ್ಷರದ ಪಾದ್ರಿ

ಸ್ಯಾಕ್ಸನಿಯ ಬೆಟ್ಟದಲ್ಲಿ ಮೂರು ದಿನದಿಂದ ಮಳೆ ಹಿಡಿದಿತ್ತು. ಬೆಳ್ಳಿಗಣಿಗೆ ನೀರು ನುಗ್ಗಿ, ಗಂಡಸರೆಲ್ಲ ಅದನ್ನು ಎತ್ತಿ ಹಾಕಲು ಹೋಗಿದ್ದರು. ನಾವು ಹೆಂಗಸರು ರಾಟೆ ಹೊತ್ತುಕೊಂಡು ಬಂದು ಆಗ್ನೆಸಳ ಮನೆಯ ಒಲೆಯ ಸುತ್ತ ಅಗಸೆನಾರು ನೂಲುತ್ತ ಕೂತಿದ್ದೆವು. ಬಾಗಿಲು ಎರಡು ಸಲ ಬಡಿಯಿತು. ಗಾಳಿ ಎಂದುಕೊಂಡು ಆಗ್ನೆಸ್ ಎದ್ದು ಚಿಲಕ ಹಾಕಿ ಬಂದಳು. ಅದನ್ನು ನೋಡಿ ವಾಲ್ಬುರ್ಗಜ್ಜಿ ರಾಟೆ ನಿಲ್ಲಿಸಿದಳು.

"ಚಿಲಕ ಹಾಕಿದ್ಯಾ? ಹಾಕು, ಹಾಕು. ನಾನೂ ಹಾಕಿದ್ದೆ... ಕ್ವಿರಿನ್ ಪಾದ್ರಿ ಅಂದ್ರೆ ನಿಮಗೆಲ್ಲಿ ಗೊತ್ತಿರುತ್ತೆ, ಆಗ ನೀವಿನ್ನೂ ತೊಟ್ಟಿಲಲ್ಲಿದ್ರಿ. ಚರ್ಮ ಹದ ಮಾಡೋನ ಮಗ ಅವನು. ಮಠ ಸೇರಿ ಓದಿ ಸನ್ಯಾಸಿ ಆದ, ಆದ್ರೆ ಗಂಟಲು ಮಾತ್ರ ಸಂತೇಲಿ ತೊಗಲು ಮಾರೋ ಗಂಟಲೇ. ಊರಿಗೆ ಬಂದ ಅಂದ್ರೆ ಮುಂದೆ ಕೆಂಪು ಶಿಲುಬೆ, ಹಿಂದೆ ಗಂಟೆ, ಆಮೇಲೆ ಪೀಪಾಯಿ ಹತ್ತಿ ನಿಂತು, 'ಸತ್ತ ನಿಮ್ಮ ಮಕ್ಳು ಬೆಂಕೀಲಿ ಬೇಯ್ತಾ ಅಮ್ಮಾ ಅಂತಿದಾರೆ, ಕೇಳಿಸ್ತಿಲ್ವೇನ್ರಮ್ಮ' ಅಂದ್ರೆ... ಯಾವ ತಾಯಿ ಸುಮ್ನಿರ್ತಾಳೆ ಹೇಳಿ? ನನ್ನ ನಿಕೆಲ್ ಆ ವರ್ಷಾನೇ ಗಣಿ ಕುಸಿದು ಹೋಗಿದ್ದ. ಹತ್ತೊಂಬತ್ತು ವಯಸ್ಸು, ಸಾಯೋ ಮುಂಚೆ ಪಾದ್ರಿ ಹತ್ರ ಪಾಪ ಒಪ್ಕೊಳ್ಳೋಕೂ ಪುರುಸೊತ್ತಾಗ್ಲಿಲ್ಲ ಮಗೂಗೆ. ಮದುವೆ ಉಂಗುರ ಬಿಚ್ಚಿ ಕೊಟ್ಟು, ಸತ್ತೋರನ್ನ ಆ ಬೆಂಕಿಯಿಂದ ಬಿಡಿಸುತ್ತೆ ಅಂತ ಅವನು ಮಾರ್ತಿದ್ದ ಪಾಪಕ್ಷಮೆಯ ಚೀಟಿ ತಗೊಂಡೆ.

"ನಂಗೆ ಓದೋಕೆ ಬರಲ್ಲ. ಗೊತ್ತಿರೋದು ಒಂದೇ ಅಕ್ಷರ, ಎನ್. ನಿಕೆಲ್ ತನ್ನ ಮರದ ಚಮಚದ ಮೇಲೆ ಕೊರ್ಕೊಂಡಿದ್ನಲ್ಲ, ಅದು. ಚೀಟಿ ಬಿಡಿಸಿ ನೋಡ್ತೀನಿ, ನಡುವೆ ಅದೇ ಎನ್. ಮಗನೇ ವಾಪಸ್ ಸಿಕ್ಕಷ್ಟು ಸಂತೋಷ ಆಯ್ತು ಕಣ್ರೇ. ಹನ್ನೆರಡು ವರ್ಷ ದಿನಾ ಆ ಅಕ್ಷರಕ್ಕೆ ಮುತ್ತು ಕೊಟ್ಟಿದೀನಿ.

"ಆಮೇಲೆ ಕಾಲ ತಿರುಗ್ತು. ಚೀಟಿಯೆಲ್ಲ ಮೋಸ ಅಂತ ಜನ ಎದ್ರು, ಪಾದ್ರಿ ಬೀದಿಗೆ ಬಂದ್ರೆ ಸಗಣಿ ಎಸೆದ್ರು. ಮಠದ ಕೋಣೇಲಿ ಒಬ್ನೇ ಸತ್ತ, ಹೂಳೋಕೂ ನಾಲ್ಕು ಜನ ಸೇರ್ಲಿಲ್ಲ. ಆ ವಾರಾನೇ ಹೊಸ ಶಾಲೆ ಮೇಷ್ಟ್ರು ನನ್ನ ಚೀಟಿ ಓದಿ, 'ಅಮ್ಮಾ, ಇದು ನಿಮ್ಮ ಮಗನ ಹೆಸರಲ್ಲ. ಲ್ಯಾಟಿನ್ ಭಾಷೇಲಿ ಹೆಸರು ಅನ್ನೋ ಪದದ ಮೊದಲಕ್ಷರ ಎನ್, ಅಂದ್ರೆ ಇಲ್ಲಿ ಹೆಸರು ಬರೀಬೇಕು ಅಂತ. ಎಲ್ಲ ಚೀಟೀಲೂ ಅಚ್ಚಾಗಿರುತ್ತೆ. ಪಾದ್ರಿ ತುಂಬೋದು ಮರೆತಿದಾನೆ' ಅಂದ್ರು. ಅಂದ್ರೆ ನನ್ನ ಮಗ ಹನ್ನೆರಡು ವರ್ಷದಿಂದ ಆ ಬೆಂಕೀಲೇ, ಇವತ್ತು ನನ್ನ ಹೆಸರು ಕೂಗ್ತಾರೆ, ನಾಳೆ ಕೂಗ್ತಾರೆ ಅಂತ ಕಾಯ್ತಾ...

"ಇಂಥದೇ ಮಳೆ. ಬಾಗಿಲು ಎರಡು ಸಲ ಬಡೀತು. ಚಿಲಕ ಹಾಕಿದ್ದೆ, ಆದ್ರೂ ತಿರುಗಿ ನೋಡಿದ್ರೆ ಒಳಗೇ ನಿಂತಿದಾನೆ ಕ್ವಿರಿನ್. ನಿಲುವಂಗಿಯಿಂದ ನೀರು ತೊಟ್ಟಿಕ್ತಿದೆ, ನೆಲ ಮಾತ್ರ ಒಣಗೇ ಇದೆ. 'ಹೆಸರು ಹೇಳಮ್ಮ' ಅಂದ, ಆ ಗಂಟಲು ಎಲ್ಲಿ ಹೋಗಿತ್ತೋ. ನಾನು ಹೆದರಿದ್ನಾ? ಕೈಲಿ ಮಗನ ಚಮಚ ಇತ್ತು, ಅದನ್ನೇ ಬೀಸಿದೆ. 'ಮನೆಹಾಳ, ಈಗ ಜ್ಞಾಪಕ ಬಂತಾ ನಿಂಗೆ' ಅಂತ ಬಾಯಿಗೆ ಬಂದಂಗೆ ಬೈದೆ. ತಲೆ ತಗ್ಗಿಸಿ ಕೇಳ್ಕೊಂಡ. 'ಸಾಲು ಉದ್ದ ಇತ್ತು, ಅವಸರ ಮಾಡ್ದೆ. ಹೇಳಿದ್ದನ್ನೆಲ್ಲ ನಾನೂ ನಂಬಿದ್ದೆ ಕಣಮ್ಮ. ಈಗ ಮನೆ ಮನೆಗೂ ಹೋಗ್ತೀನಿ, ಹೆದರಿ ಕೂಗ್ತಾರೆ, ಯಾರೂ ಹೆಸರು ಹೇಳಲ್ಲ' ಅಂದ. ನಂಗೆ ಅಳು ಬಂತು. 'ನಿಕೆಲ್' ಅಂದೆ. ಒದ್ದೆ ಬೆರಳಲ್ಲಿ ಚೀಟೀಲಿದ್ದ ಎನ್ ಪಕ್ಕ ಉಳಿದದ್ದನ್ನ ಬರೆದ. ಬರೆದದ್ದೇ ತಡ, ಒಲೆ ಹತ್ರ 'ಅಮ್ಮಾ' ಅಂತ... ಬೇಯೋನ ದನಿ ಅಲ್ಲ, ಕೆಲಸ ಮುಗಿಸಿ ಬಂದು ಊಟಕ್ಕೆ ಕರೀತಿದ್ನಲ್ಲ, ಆ ದನಿ.

"'ನಿಮ್ಮ ಹೆಸರು ಯಾರು ಬರೀತಾರೆ?' ಅಂದೆ. 'ನಮ್ಮ ಹೆಸರು ನಾವೇ ಬರ್ಕೊಳ್ಳೋ ಹಾಗಿಲ್ಲ' ಅಂದ. ನಂಗೆ ಬರೋದು ಒಂದೇ ಅಕ್ಷರ. ಇದ್ದಿಲು ತಗೊಂಡು ಮಗನ ಹೆಸರಿನ ಕೆಳಗೆ ಇನ್ನೊಂದು ಎನ್ ಹಾಕ್ದೆ. 'ದೇವರಿಗೆ ನಿಮ್ಮ ಹೆಸರು ಗೊತ್ತು, ಅವನೇ ತುಂಬ್ತಾನೆ ಬಿಡಿ' ಅಂದೆ. ಅವನು ನಕ್ಕಿದ್ದನ್ನ ಅವತ್ತೇ ನೋಡಿದ್ದು."

"ಹಾಗಾದ್ರೆ ಅವನಿಗೆ ಬಿಡುಗಡೆ ಆಯ್ತಾ ಅಜ್ಜಿ?" ನಾನು ಕೇಳಿದೆ.

"ಎಲ್ಲಿ ಆಗುತ್ತೆ? ಖಾಲಿ ಚೀಟಿಯೆಲ್ಲ ತುಂಬಿ ಆಮೇಲೆ ಹೋಗ್ತೀನಿ ಅಂದ. ನಮ್ಮೂರಲ್ಲಿ ಇನ್ನು ಒಂದೇ ಉಳಿದಿರೋದು... ಆಗ್ನೆಸ್, ನಿಮ್ಮಪ್ಪ ಸತ್ತಾಗ ನಿಮ್ಮಮ್ಮ ತಗೊಂಡಿದ್ದು ಪೆಟ್ಟಿಗೇಲಿ ಹಂಗೇ ಇದೆಯಲ್ವೇನೇ? ಆಗ ಬಾಗಿಲು ಬಡೀತಲ್ಲ, ಎರಡು ಸಲ. ಅದು ಗಾಳಿ ಅಂದ್ಕೊಂಡ್ಯಾ?"

ಆಗ್ನೆಸ್ ಎದ್ದು ಪೆಟ್ಟಿಗೆಯಿಂದ ಚೀಟಿ ತೆಗೆದು ಮೇಜಿನ ಮೇಲೆ ಹರಡಿದಳು. ನಡುವೆ ಎನ್ ಇತ್ತು, ಅದರ ಮುಂದೆ ಏನೂ ಇರಲಿಲ್ಲ. ಅವಳು ಬಾಗಿಲಿಗೆ ಹೋಗಿ ಚಿಲಕ ತೆಗೆದಳು.

"ಮೆಲ್ಕಿಯೋರ್," ಎಂದಳು, ಹೊರಗಿನ ಮಳೆಗೂ ಕೇಳಿಸುವಷ್ಟು ಗಟ್ಟಿಯಾಗಿ. "ನಮ್ಮಪ್ಪನ ಹೆಸರು ಮೆಲ್ಕಿಯೋರ್. ಒಳಗೆ ಬನ್ನಿ."