ಪೆಟ್ಟಿಗೆ ತೆರೆದ ಕೂಡಲೇ ಹಾರಬೇಕಾದ ಗುಂಡು

ಮಾನ್ಯ ಅಧ್ಯಕ್ಷರೇ, ಬೆಳಗಿನಿಂದ ಮೂರು ಸಮಾರಂಭ ಮುಗಿಸಿ ಬಂದಿರುವ ಮೇಯರ್ ಅವರೇ, ಬ್ರೆಶಿಯಾದ ಪೊಲೀಸ್ ಅಧಿಕಾರಿಗಳೇ, ಮೂವತ್ನಾಲ್ಕು ವರ್ಷ ನನ್ನ ಬೈಗುಳ ಸಹಿಸಿಕೊಂಡ ಕಾರ್ಖಾನೆಯ ಬಂಧುಗಳೇ, ಸಭಿಕರೇ,

ಬಂದೂಕು ತಯಾರಿಕೆಯೇ ಕಸುಬಾದ ಈ ಕಣಿವೆಯಲ್ಲಿ ಹುಟ್ಟಿದವರಿಗೆ ಪಿಸ್ತೂಲಿನ ಬಗ್ಗೆ ನಾನು ಹೇಳಬೇಕೆ? ನಮ್ಮ ತಾತ ನಳಿಗೆ ಕೊರೆದರು, ಅಪ್ಪ ನಳಿಗೆ ಕೊರೆದರು. ಇಂದು ನೀವು ಸನ್ಮಾನಿಸುತ್ತಿರುವ ಈ ಫಿಯೊರೆಂಜಾ, ಅಂದರೆ ನಾನು, ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ನಿಂತು ಲಕ್ಷಗಟ್ಟಲೆ ಗುಂಡು ಹಾರಿಸಿದೆ. ನನ್ನ ಎಡಗಿವಿಯೊಂದು ಕಿವುಡಾದದ್ದು ಬಿಟ್ಟರೆ ಯಾರಿಗೂ ನೋವಾಗಿಲ್ಲ. ಆದ್ದರಿಂದ ಚಪ್ಪಾಳೆ ಬಲಗಡೆಯಿಂದ ಜೋರಾಗಿ ಬರಲಿ!

ನನ್ನ ಹೆಮ್ಮೆ ಒಂದೇ. ಪರೀಕ್ಷೆ ಪಾಸಾಯಿತೆಂದು ನನ್ನ ಮುದ್ರೆ ಬಿದ್ದ ಪಿಸ್ತೂಲನ್ನು ಪೆಟ್ಟಿಗೆಯಿಂದ ತೆಗೆದ ಕ್ಷಣದಿಂದ ನಂಬಬಹುದು. ಇನ್ನೂರು ಗುಂಡು ಹಾರಿಸಿ ಪಳಗಿಸಿದ ಮೇಲಲ್ಲ, ಮೊದಲ ಗುಂಡಿನಿಂದಲೇ.

ಹದಿನೆಂಟು ವರ್ಷದ ಹಿಂದೆ ಪೊಲೀಸರಿಗೆಂದು ಸಾವಿರದ ಇನ್ನೂರು ಪಿಸ್ತೂಲು ತಯಾರಾಗಿದ್ದವು. ಲಾರಿ ಬಾಗಿಲಲ್ಲಿತ್ತು. ನಾನು ಹತ್ತು ಪೆಟ್ಟಿಗೆ ತೆರೆದು ಗುಂಡು ಹೊಡೆದು ನೋಡಿದೆ. ಮೂರರಲ್ಲಿ ಗುಂಡು ನಳಿಗೆಗೆ ಏರದೆ ಸಿಕ್ಕಿಕೊಂಡಿತು. ಮುದ್ರೆಯನ್ನು ಒತ್ತದೆ ಜೇಬಿಗೆ ಹಾಕಿಕೊಂಡೆ.

ಆಗಿನ ಮಾಲೀಕರು ಸಿನ್ಯೋರ್ ಜೆರ್ವಾಸೊ ಓಡಿ ಬಂದರು. "ಹೊಸ ಚಪ್ಪಲಿ ಕಚ್ಚಲ್ವೇನಮ್ಮ? ನಾಲ್ಕು ದಿನ ಹಾಕ್ಕೊಂಡ್ರೆ ತಾನೇ ಸರಿಹೋಗುತ್ತೆ."

"ಚಪ್ಪಲಿ ಕಚ್ಚಿದ್ರೆ ಕುಂಟ್ಕೊಂಡು ಮನೆಗೆ ಬರ್ತಾರೆ ಸ್ವಾಮಿ. ಇದು ಕೈಕೊಟ್ರೆ ಮನೆಗೇ ಬರಲ್ಲ. ನೀವೇ ಒಂದು ಪೆಟ್ಟಿಗೆ ಆರಿಸಿ, ನೀವೇ ಹೊಡೀರಿ."

ಅಂಗಳದಲ್ಲಿ, ಇಡೀ ಕಾರ್ಖಾನೆಯ ಎದುರು ಅವರು ಹೊಡೆದರು. ನಾಲ್ಕನೆಯ ಗುಂಡು ಸಿಕ್ಕಿಕೊಂಡಿತು. ಅವರು ಪಿಸ್ತೂಲು ಕೆಳಗಿಟ್ಟು ಕೇಳಿದರು, "ಈ ಜೋಡಣೆ ಯಾರ ಕೈಕೆಳಗೆ ಆಯ್ತು?"

ಎಲ್ಲರೂ ನನ್ನತ್ತ ತಿರುಗಿದರು. ಏಕೆ ತಿರುಗುವುದಿಲ್ಲ? ಜೋಡಣೆ ವಿಭಾಗದ ಮುಖ್ಯಸ್ಥ ಎರ್ಮೆಸ್, ನನ್ನ ಗಂಡ. ಅಲ್ಲೇ, ಮೂರನೇ ಸಾಲಿನಲ್ಲಿ ಕೂತು ಈಗ ಚಾವಣಿ ನೋಡುತ್ತಿದ್ದಾರಲ್ಲ, ಅವರೇ. ಇದನ್ನು ಹೇಳಬಾರದೆಂದು ಮನೆಯಲ್ಲಿ ಮಾತಾಗಿತ್ತು. ಬಾಯಿ ಜಾರಿತು, ಇರಲಿ. ಗಡುವಿನ ಭಯಕ್ಕೆ, ಗುಂಡು ನಳಿಗೆಗೆ ಏರಲು ಒಳಗಿರುವ ಪುಟ್ಟ ಲೋಹದ ಇಳಿಜಾರನ್ನು ನುಣುಪು ಮಾಡುವ ಕೆಲಸವನ್ನು ಅವರು ಅರ್ಧಕ್ಕೆ ಇಳಿಸಿದ್ದರು.

"ನನ್ನ ಕೈಕೆಳಗೆ," ಎಂದು ಎರ್ಮೆಸ್ ತಾವೇ ಮುಂದೆ ಬಂದರು. ಮನೆಗೆ ಬಂದ ಮೇಲೆ ನನ್ನನ್ನು ಕೇಳಿದ್ದು ಒಂದೇ ಮಾತು: "ಮೊದಲು ನನ್ನ ಕಿವೀಲಿ ಹೇಳ್ಬಾರ್ದಿತ್ತಾ?" ಸಭಿಕರೇ, ನಿಜ ಹೇಳಲೇ? ಕಿವಿಯಲ್ಲಿ ಹೇಳಿದ್ದರೆ ಅವರ ಮುಖ ನೋಡಿ ನಾನು ಮುದ್ರೆ ಒತ್ತಿಬಿಡುತ್ತಿದ್ದೆ. ಆ ಹೆದರಿಕೆಯೇ ನನ್ನನ್ನು ಅಂಗಳಕ್ಕೆ ತಂದಿತ್ತು.

ಲಾರಿ ಖಾಲಿ ಹೋಯಿತು. ಜೋಡಣೆಯವರು ಒಂಬತ್ತು ದಿನ ಸಾವಿರದ ಇನ್ನೂರನ್ನೂ ಬಿಚ್ಚಿ, ಆ ಇಳಿಜಾರನ್ನು ಕೈಯಿಂದ ಉಜ್ಜಿದರು. ಎರ್ಮೆಸ್ ಮುಖ್ಯಸ್ಥನ ಕೋಟು ಕಳಚಿ ಎಲ್ಲರ ಜೊತೆ ಬೆಂಚಿಗೆ ಕೂತರು. ಆ ಒಂಬತ್ತು ದಿನವೂ ನಮ್ಮ ಮನೆಯಲ್ಲಿ ಮೆಕ್ಕೆಜೋಳದ ಪೊಲೆಂಟಾ ಬೆಂದಿತು, ಮಾತು ಬೇಯಲಿಲ್ಲ.

ಹತ್ತನೆಯ ದಿನ ಅವರು ಪರೀಕ್ಷಾ ಕೋಣೆಗೆ ಬಂದರು. "ಯಾವುದಾದ್ರೂ ಪೆಟ್ಟಿಗೆ ತೆಗಿ." ತೆಗೆದೆ. ಎಣ್ಣೆ ಹಾಕಲಿಲ್ಲ, ಒರೆಸಲಿಲ್ಲ. ಮುನ್ನೂರು ಗುಂಡು ಹೊಡೆದರು, ಒಂದೂ ಸಿಕ್ಕಿಕೊಳ್ಳಲಿಲ್ಲ. ಹೊಗೆಯ ನಡುವೆ ನನ್ನ ಕಡೆ ತಿರುಗಿ, "ಈಗ ಒತ್ತೇ ನಿನ್ನ ಮುದ್ರೆ, ಹಟಮಾರಿ!" ಎಂದರು.

ಒತ್ತಿದೆ. ಅವರ ಮುಖ ನೋಡುತ್ತಲೇ ಒತ್ತಿದ್ದಕ್ಕೆ ಮೊದಲ ಮುದ್ರೆ ಸೊಟ್ಟಗೆ ಬಿತ್ತು. ಸಭಿಕರೇ, ಅಂಥ ಕೆಲಸಗಾರರ ನಡುವೆ ಬದುಕಿದವಳು ನಾನು.

ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆಲ್ಲ, ಚಾವಣಿಯಿಂದ ಕಣ್ಣಿಳಿಸಿ ಈಗ ನನ್ನತ್ತ ನೋಡುತ್ತಿರುವ ಎರ್ಮೆಸ್‌ಗೂ, ನನ್ನ ಕೃತಜ್ಞತೆ. ನಮಸ್ಕಾರ.