ಶಫೀವುಲ್ಲಾ ಮೇಸ್ತ್ರಿಯನ್ನು ಶೆಡ್ಡಿನಲ್ಲಿ ಕೂಡಿಹಾಕಿದ ಬಗ್ಗೆ

...‘ಕೆಳಗೆ ಅಂದವನನ್ನ ಯಾಕೆ ಅಂತ ಕೇಳ್ಬ್ಯಾಡಿ’ ಎಂದಿದ್ದರೋ, ‘ಕೇಳ್ದವನ್ನೂ ಕೆಳಗೇ ಇರುಸ್ತೀನಿ’ ಎಂದಿದ್ದರೋ, ಸೈಟಿನಲ್ಲಿ ಆ ಪದ್ಧತಿ ತಂದ ದಿನ ಮೇಸ್ತ್ರಿ ಆಡಿದ ಮಾತು ನನಗೆ ಸರಿಯಾಗಿ ನೆನಪಿಲ್ಲ. ಠಾಣೆಯವರು ಮೊದಲು ಹೆಸರು ಹೇಳಿ ಎಂದರು. ಶ್ರೀನಿವಾಸಮೂರ್ತಿ, ವಯಸ್ಸು 51 ವರ್ಷ, ಸೈಟ್ ಇಂಜಿನಿಯರ್ ಕೆಲಸ, ವಾಸ ಶ್ರೀರಂಗಪಟ್ಟಣ ಟೌನ್. ಈ ಮೂಲಕ ತಿಳಿಸುವುದೇನೆಂದರೆ,

ಕಿರಂಗೂರಿನಲ್ಲಿ ಕಟ್ಟುತ್ತಿರುವ ಎರಡು ಅಂತಸ್ತಿನ ಕಲ್ಯಾಣ ಮಂಟಪದ ಕೆಲಸವನ್ನು ನಾನು ನೋಡಿಕೊಳ್ಳುತ್ತೇನೆ. ಅಲ್ಲಿ ಗಾರೆ ಮೇಸ್ತ್ರಿ ಶಫೀವುಲ್ಲಾ, ವಯಸ್ಸು 58, ಗಂಜಾಂ ವಾಸಿ. ಕಂಬಿ ಕಟ್ಟುವವನು ನಿಂಗರಾಜು, ವಯಸ್ಸು 29, ನಾಗಮಂಗಲದ ಕಡೆಯವನು. ಮೇಸ್ತ್ರಿಯನ್ನು ಕೂಡಿಹಾಕಿದನೆಂದು ನಿಂಗರಾಜುವನ್ನು ಇಂದು ಬೆಳಿಗ್ಗೆಯಿಂದ ಠಾಣೆಯಲ್ಲಿ ಕೂರಿಸಲಾಗಿದೆ.

ನಮ್ಮ ಸೈಟಿನಲ್ಲಿ ಮೇಸ್ತ್ರಿ ತಂದ ಒಂದು ಪದ್ಧತಿ ಇದೆ. ಬೆಳಿಗ್ಗೆ ಕೆಲಸಕ್ಕೆ ಮುಂಚೆ ಎಲ್ಲರೂ ನೀರಿನ ಡ್ರಮ್ಮಿನ ಬಳಿ ನಿಲ್ಲುತ್ತಾರೆ. ನಿದ್ದೆಗೆಟ್ಟವನು, ಜ್ವರದವನು, ಕುಡಿದದ್ದು ಇಳಿಯದವನು, ಮನೆಯಲ್ಲಿ ಜಗಳವಾಡಿ ಬಂದವನು ‘ನಾನಿವತ್ತು ಕೆಳಗೆ’ ಎನ್ನಬೇಕು. ಅಂದು ಅವನು ಏಣಿ ಹತ್ತುವಂತಿಲ್ಲ. ಮರಳು ಜರಡಿ ಹಿಡಿಯುತ್ತಾನೆ, ಗೋಡೆಗೆ ನೀರು ಹೊಡೆಯುತ್ತಾನೆ. ಕೂಲಿ ಕಡಿಮೆಯಾಗುವುದಿಲ್ಲ, ಕಾರಣ ಯಾರೂ ಕೇಳುವುದಿಲ್ಲ. ನಮ್ಮಲ್ಲಿ ಹೆಲ್ಮೆಟ್ಟೂ ಇದೆ, ಎಚ್ಚರಿಕೆಯ ಬೋರ್ಡೂ ಇದೆ. ಆದರೆ ಈವರೆಗೆ ಯಾರೂ ಬೀಳದಿರುವುದು ಈ ಪದ್ಧತಿಯಿಂದ ಎಂದು ನನ್ನ ಅಭಿಪ್ರಾಯ. ಅಭಿಪ್ರಾಯ ಬೇಡ ಎಂದು ಬರೆದುಕೊಳ್ಳುತ್ತಿರುವ ಪೇದೆಯವರು ಹೇಳಿದರು. ಮೇಸ್ತ್ರಿ ತಾವು ಮಾತ್ರ ಆ ಮಾತನ್ನು ಎಂದೂ ಆಡಿದವರಲ್ಲ.

ದಿನಾಂಕ 11-02-2025ರ ಮಂಗಳವಾರ ಬೆಳಿಗ್ಗೆ 8 ಗಂಟೆಗೆ ಮೇಸ್ತ್ರಿ ಕೆ.ಆರ್. ಪೇಟೆಯಿಂದ ನೇರವಾಗಿ ಸೈಟಿಗೆ ಬಂದರು. ಅವರ ಮಗಳು ಜೀನತ್ ಹೆರಿಗೆಗೆ ಅಲ್ಲಿನ ಆಸ್ಪತ್ರೆ ಸೇರಿದ್ದಳು. ಎರಡು ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದರು. ಕಣ್ಣುಗಳು ಕೆಂಪಾಗಿದ್ದವು. ಡ್ರಮ್ಮಿನ ಬಳಿ ‘ಕೆಳಗೆ’ ಎನ್ನಲಿಲ್ಲ.

ಸುಮಾರು 9 ಗಂಟೆಗೆ ಗೋಡೆಯ ನೇರ ನೋಡಲು ಅವರು ನಿಂಗರಾಜುವಿನ ಕಡೆ ಕೈಚಾಚಿ, ‘ಜೀನತ್, ತೂಗುಗುಂಡು ಕೊಡಮ್ಮ’ ಎಂದರು. ನಿಂಗರಾಜುವಿಗೆ ದಪ್ಪ ಮೀಸೆ ಇದೆ. ಅವನು, ‘ಮೇಸ್ತ್ರಿ, ನಂಗಿನ್ನೂ ಮದ್ವೆನೇ ಆಗಿಲ್ಲ, ಆಗ್ಲೇ ಎರಿಗೆಗೆ ಕಳುಸ್ಬ್ಯಾಡಿ’ ಎಂದ. ಎಲ್ಲರೂ ನಕ್ಕರು, ಮೇಸ್ತ್ರಿಯೂ ನಕ್ಕರು. ಹತ್ತು ನಿಮಿಷದಲ್ಲಿ ಏಣಿಯ ಮೂರನೇ ಮೆಟ್ಟಿಲಲ್ಲಿ ಅವರ ಕಾಲು ಜಾರಿತು. ಬೀಳಲಿಲ್ಲ. ಇವತ್ತು ಕೆಳಗೆ ಅಂದ್ಬುಡಿ ಎಂದು ನಿಂಗರಾಜು ಹೇಳಿದ. ‘ಅರೇ, ನಿಮ್ಮಪ್ಪನ ವಯಸ್ಸು ಕಣ್ಲಾ ನಂದು, ನಂಗೇ ಏಳ್ಕೊಡ್ತೀಯಾ’ ಎಂದು ಅವರು ಮತ್ತೆ ಏಣಿಗೆ ಕೈ ಹಾಕಿದರು. ಮೇಲೆ ಇಪ್ಪತ್ತೆರಡು ಅಡಿ.

ನಿಂಗರಾಜು ನನ್ನ ಮುಖ ನೋಡಿದ. ನಾನು ಡ್ರಾಯಿಂಗ್ ನೋಡುತ್ತಿದ್ದೆ. ಸಿಮೆಂಟು ಮೂಟೆ ತೇವ ಹಿಡಿದಿದೆ, ಒಂದ್ಗಳಿಗೆ ನೋಡ್ಬನ್ನಿ ಎಂದು ಅವನು ಮೇಸ್ತ್ರಿಯನ್ನು ಶೆಡ್ಡಿಗೆ ಕರೆದೊಯ್ದ. ಒಳಗೆ ಆಗಲೇ ಖಾಲಿ ಚೀಲಗಳನ್ನು ಮೆತ್ತಗೆ ಹಾಸಿ, ನೀರಿನ ಬಾಟಲಿ ಇಟ್ಟಿದ್ದ. ಮೇಸ್ತ್ರಿ ಒಳಹೋದೊಡನೆ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ನನಗೆ ಕೊಟ್ಟ. ನಾನು ಜೇಬಿಗೆ ಹಾಕಿಕೊಂಡೆ. ಏನೂ ಹೇಳಲಿಲ್ಲ. ಹೇಳದೆ ಇದ್ದದ್ದನ್ನು ಹೇಳಿಕೆಯಲ್ಲಿ ಬರೆಯಬೇಕೇ ಎಂದು ಪೇದೆಯವರನ್ನು ಕೇಳಿದೆ. ಬರೆಯಬೇಕು ಎಂದರು.

ಒಳಗಿನಿಂದ ಮೇಸ್ತ್ರಿ, ‘ಲೇ ನಿಂಗ, ಬಾಗ್ಲು ತಗೀಲಾ! ನಿನ್ ಮೀಸೆ ಬೋಳುಸ್ಬುಡ್ತೀನಿ’ ಎಂದು ಕೂಗಿದರು. ‘ಬೋಳ್ಸೀರಂತೆ, ಮೊದ್ಲು ಮನೀಕಳಿ’ ಎಂದು ಇವನು ಹೊರಗಿನಿಂದ ಹೇಳಿದ. ಅವರು ತಮ್ಮ ಮೊಬೈಲಿನಿಂದ 112ಕ್ಕೆ ಫೋನ್ ಮಾಡಿ, ನನ್ನ ಕೂಡಾಕವ್ರೆ ಎಂದು ತಿಳಿಸಿದರು. 10 ಗಂಟೆಗೆ ಪೊಲೀಸ್ ವಾಹನ ಬಂದಾಗ ಒಳಗಿನಿಂದ ಗೊರಕೆ ಕೇಳುತ್ತಿತ್ತು. ಬಂದವರಲ್ಲಿ ಒಬ್ಬರು ಬಾಗಿಲಿಗೆ ಕಿವಿಯಿಟ್ಟು, ದೂರುದಾರ ಇವರೇನಾ ಎಂದು ವಿಚಾರಿಸಿದರು. ನಾನು ಬೀಗ ತೆಗೆದೆ.

ಮೇಸ್ತ್ರಿ ಎದ್ದು ನಿಂಗರಾಜುವನ್ನು ಬಯ್ಯಲಿಲ್ಲ. ಟಿಫನ್ ಕ್ಯಾರಿಯರ್ ತೆಗೆದುಕೊಂಡರು. ನನ್ನ ಮುಂದೆ ನಿಂತು, ‘ಅವ್ನು ಹುಡುಗ, ಅವ್ನ್ ಮಾತು ನಾನು ಕೇಳಾಕಿಲ್ಲ. ನೀವು ಕೆಳಗಿರಿ ಅಂದಿದ್ರೆ ಇರ್ತಿದ್ದೆ ಸಾ. ಬೀಗ ಯಾಕೆ ಬೇಕಾಗಿತ್ತು’ ಎಂದು ಕೇಳಿ ಬಸ್ ಸ್ಟಾಪಿನ ಕಡೆ ನಡೆದರು. ಇಂದಿಗೆ ಎರಡು ದಿನವಾಯಿತು, ಅವರು ಕೆಲಸಕ್ಕೆ ಬಂದಿಲ್ಲ, ದೂರನ್ನೂ ಹಿಂದಕ್ಕೆ ಪಡೆದಿಲ್ಲ. ಆಳುಗಳು ಬರುತ್ತಾರೆ, ಮೇಲೆ ಹೋಗಲು ಯಾರಿಗೂ ಮನಸ್ಸಿಲ್ಲ.

ಕೀಲಿ ನನ್ನ ಜೇಬಿನಲ್ಲಿತ್ತು. ಒಂದು ಮಾತಿನಲ್ಲಿ ಮುಗಿಯುತ್ತಿತ್ತು, ಆ ಮಾತನ್ನು ನಾನು ಆಡಲಿಲ್ಲವಾದ್ದರಿಂದ ನಿಂಗರಾಜು ಬೀಗ ಹುಡುಕಬೇಕಾಯಿತು. ಪ್ರಕರಣ ದಾಖಲಿಸುವುದಾದರೆ ನನ್ನ ಹೆಸರನ್ನು ಮೊದಲು ಬರೆದುಕೊಳ್ಳಬೇಕು, ಅವನನ್ನು ಮನೆಗೆ ಕಳಿಸಬೇಕು ಎಂದು ಕೋರುತ್ತೇನೆ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಡೆದದ್ದು ಹೀಗೆಯೇ; ಇದರಲ್ಲಿ ಸುಳ್ಳು ಸೇರಿಸಿಲ್ಲ.

ಸ್ಥಳ: ಶ್ರೀರಂಗಪಟ್ಟಣ
ದಿನಾಂಕ: 13-02-2025
ಸಹಿ: ಶ್ರೀನಿವಾಸಮೂರ್ತಿ

ಸಹಿಯ ನಂತರ, ಅನುಮತಿ ಪಡೆದು ಸೇರಿಸಿದ್ದು: ಜೀನತ್‌ಗೆ ನಿನ್ನೆ ಹೆರಿಗೆಯಾಯಿತೆಂದು ಮೇಸ್ತ್ರಿಯ ಹೆಂಡತಿ ಫಕ್ರುನ್ನೀಸಾ ನಿಂಗರಾಜುವಿಗೆ ಫೋನಿನಲ್ಲಿ ತಿಳಿಸಿದ್ದಾರೆ. ಗಂಡೋ ಹೆಣ್ಣೋ ಎಂದು ಕೇಳಲು ಅವನಿಗೆ ಧೈರ್ಯ ಬರಲಿಲ್ಲ. ಈ ಹೇಳಿಕೆಯನ್ನು ದೂರುದಾರರಿಗೂ ಓದಿ ಹೇಳುತ್ತಾರಂತೆ. ಶಫೀವುಲ್ಲಾ ಅವರೇ, ನಾವಿಬ್ಬರೂ ಮಗು ನೋಡಲು ಬರಬಹುದೇ?