ಟೋಟಲ್ ಬರೋಬರಿ ಐತಿ

"ಹಲೋ... ಹಲೋ, ಯಾರು ಮಾತಾಡೋದು?..."

ಸಿಂದಗಿಯ ಮನೆಯಲ್ಲಿ ನಜಮಾ ಹಿಟ್ಟಿನ ಕೈಯಲ್ಲೇ ಫೋನು ಹಿಡಿದು ನಿಂತಿದ್ದಳು. ಅದರ ಮೇಲೆ ಮೂಡಿದ್ದು ಅಣ್ಣ ಶಕೀಲನ ಹೆಸರು. ಶಕೀಲ ತೀರಿಕೊಂಡು ವರ್ಷವಾಗಿತ್ತು. ಆ ಕಡೆಯಿಂದ ಬಂದ ಗೊಗ್ಗರು ದನಿಯೂ ಅವನದೇ ಅನಿಸಿತು.

"ಆರಿಫನಾ?... ಹಾಂ... ಮತ್ತ ಈ ನಂಬರ್ ನಿನ್ನ ಕಡೆ ಹೆಂಗ ಬಂತೋ?..."

ತಮ್ಮ ಆರಿಫನ ಫೋನು ಕೆಟ್ಟಿತ್ತಂತೆ. ಗಂಡನ ನಂಬರು ಬಂದ್ ಆಗಲು ಬಿಡದೆ ಕಾಪಾಡಿಕೊಂಡಿದ್ದ ಅತ್ತಿಗೆ ಮೆಹರುನ್ನಿಸಾ ಆ ಫೋನನ್ನೇ ಕೊಟ್ಟು ಕಳಿಸಿದ್ದಳು. ಮುದ್ದೇಬಿಹಾಳದಲ್ಲಿ ರಕ್ತದ ರಿಪೋರ್ಟು ಇಸಿದುಕೊಂಡು ಈಗಷ್ಟೇ ಹೊರಬಂದಿದ್ದ ಆರಿಫ, ಟೋಟಲ್ ಕೊಲೆಸ್ಟ್ರಾಲ್ ಬರೋಬರಿ ಐತಿ ಆಪಾ, ಎಲ್ಲಾ ಸರಿ ಐತಿ, ಇನ್ನರೆ ಸುಮ್ಮನಿರು ಎಂದು ನಗುತ್ತಿದ್ದ.

ಶಕೀಲನೂ ಇದೇ ಮಾತು ಹೇಳಿ ಇದೇ ರೀತಿ ನಕ್ಕಿದ್ದ. ಅವನ ಮಣ್ಣಾದ ಮೇಲೆ ಡಾಕ್ಟರು ಬಿಡಿಸಿ ಹೇಳಿದ್ದರು: ಹೊಟ್ಟೆ ಬಂದು, ಸಕ್ಕರೆ, ಬಿಪಿ ಸೇರಿಕೊಂಡವರು ಟೋಟಲ್ ಒಂದನ್ನೇ ನಂಬಿ ಕೂಡಬಾರದು.

"ಅದನ್ನ ಬಿಡು, ಕೆಳಗಿಂದು ಓದು... ಟ್ರೈಗ್ಲಿಸರೈಡ್ ಎಷ್ಟೈತಿ?... ಹಾಂ? ನಾಕನೂರ ದಾಟೇತಿ?... ಎಚ್‌ಡಿಎಲ್?... ಅದು ಒಳ್ಳೇ ಕೊಬ್ಬೋ, ಅದು ಅಷ್ಟ ಕಮ್ಮಿ ಇರಬಾರದು... ಯಾಕ ತೇಕಾಕತ್ತಿ?... ಎದಿ ಭಾರ ಐತೇನು?... ಯಾವಾಗಿಂದ?..."

ಮುಂಜಾನೆಯಿಂದ. ನಾಲತವಾಡದಲ್ಲಿ ಮಿರ್ಚಿ ತಿಂದದ್ದು ಗ್ಯಾಸ್ ಆಗಿದೆ, ತಾಳಿಕೋಟೆಯ ಮನೆಗೆ ಹೋಗಿ ಮಲಗಿದರೆ ಸರಿಹೋಗುತ್ತದೆ ಎಂದ. ಶಕೀಲನೂ ಗ್ಯಾಸ್ ಎಂದೇ ಹೇಳಿ ಮಧ್ಯಾಹ್ನ ಮಲಗಿದ್ದ, ಏಳಲೇ ಇಲ್ಲ. ಮಾತಾಡುತ್ತಿರುವವನು ಇದ್ದವನೋ ಹೋದವನೋ ಒಂದು ಕ್ಷಣ ಅವಳಿಗೆ ತಿಳಿಯದಾಯಿತು.

"ಭಾಯಿ, ಮಲಗಬ್ಯಾಡ..."

ಭಾಯಿ ಎಂದು ಅವಳು ಕರೆಯುತ್ತಿದ್ದುದು ಅಣ್ಣ ಶಕೀಲನನ್ನು ಮಾತ್ರ. ಆ ಕಡೆ ನಗು ನಿಂತಿತು.

"ಆರಿಫ, ಕೇಳು... ಗಾಡಿ ಹತ್ತಬ್ಯಾಡ. ಬಾಜೂಕ ಯಾರದಾರ?... ಅವರ ಕೈಯಾಗ ಫೋನ್ ಕೊಡು... ಹಾಂ, ಯಾರ್ರಿ ನೀವು?... ದಾವಲಮಲಿಕಣ್ಣಾರ, ಇವನ್ನ ಆಟೋದಾಗ ಹಾಕ್ಕೊಂಡು ದವಾಖಾನಿಗೆ ಒಯ್ರಿ. ನಡಸಬ್ಯಾಡ್ರಿ... ಫೋನ್ ಇಡಬ್ಯಾಡ್ರಿ..."

ಪಕ್ಕದಲ್ಲಿ ಹಣ್ಣು ಮಾರುತ್ತಿದ್ದ ಆ ಮನುಷ್ಯ ಫೋನು ಇಡಲಿಲ್ಲ. ಆಟೋದ ಸದ್ದು ಕೇಳಿತು, ಬಾಗಿಲು ಬಡಿದದ್ದು ಕೇಳಿತು, ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ಅವಳ ಕೈಯ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. ಕೊನೆಗೆ ಡಾಕ್ಟರು ಮಾತಾಡಿದರು. ಇಸಿಜಿಯಲ್ಲಿ ಹಾರ್ಟ್ ಅಟ್ಯಾಕ್ ಕಾಣುತ್ತಿದೆ. ಗುಳಿಗೆ ಕೊಟ್ಟಿದ್ದೇವೆ, ಆಂಬುಲೆನ್ಸಿನಲ್ಲಿ ಬಿಜಾಪುರಕ್ಕೆ ಕಳಿಸುತ್ತೇವೆ. ಹೊತ್ತಿಗೆ ಸರಿಯಾಗಿ ಬಂದ ಎಂದರು.

"ಒಂದ ಮಾತು... ಅವನ ಕಿವಿಗೆ ಹಿಡೀರಿ ಸರ್... ಹಾಂ, ಹೇಳೋ ಆರಿಫ... ಏನು?... ಹೆದರಿಕಿ ಆಗಾಕತ್ತೇತಿ?..."

ಶಕೀಲ ಸಾಯುವ ತನಕ ಈ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ. ನಜಮಾ ಚಪ್ಪಲಿ ಮೆಟ್ಟಿದಳು.

"ಹೇಳಿದಿಯಲ್ಲ, ಚಲೋ ಆತು... ಹಂಗ ಹೇಳ್ಕೋಂತ ಇರು, ನಾ ಕೇಳ್ತೇನಿ... ಬಿಜಾಪುರಕ್ಕ ಬರಾಕತ್ತೇನಿ, ಈಗ ಹೊಂಟೆ... ಆರಿಫ?... ಕೇಳಾಕತ್ತೇತಿ ಹೌದಿಲ್ಲೋ?... ಹಲೋ?..."

ಆಂಬುಲೆನ್ಸ್ ಹೊರಟ ಸದ್ದಿನಲ್ಲಿ ಲೈನು ಕಡಿಯಿತು.